ದಾಖಲೆ ಮಾಡ್ಬೇಕಾ? ಮೊದಲು ದಾಖಲೆ ಇಟ್ಕೊಳ್ಳಿ

ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. 1982ರ ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಸರ್ಟಿಫಿಕೇಟ್ ಸಿಕ್ಕಿದ್ದು ಮಾತ್ರ 2020ರ ಜುಲೈನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಏಳು ವರ್ಷವಾಗಿತ್ತು.

ನಾವು ರೆಕಾರ್ಡಿಗೂ ದಾಖಲೆ ಅಂತೀವಿ, ಕಾಗದಪತ್ರಕ್ಕೂ ದಾಖಲೆ ಅಂತೀವಿ. ಗಿನ್ನೆಸ್‌ಗೆ ಹೊರಟವರು ಈ ಎರಡನ್ನೂ ಮಾಡಬೇಕು. ಸೋಲುವವರು ಜಾಸ್ತಿ ಎರಡನೆಯದರಲ್ಲೇ.

ಯಾವ ದಾಖಲೆ? ಅಳೆಯಲು ಬರಬೇಕು, ಇನ್ನೊಬ್ಬರು ಮುರಿಯಲು ಆಗಬೇಕು. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದ. ಅಳತೆ ಹಿಡಿದರೆ ಮುಗೀತು, ವಾದವೇ ಇಲ್ಲ. ‘ಜಗತ್ತಿನ ಅತಿ ಚೆಂದದ ಪ್ಲಾಟ್‌ಫಾರಂ’ ಅಂತ ಅರ್ಜಿ ಹಾಕಿದರೆ ನಡೆಯಲ್ಲ. ಅಳತೆಯೂ ಒಂದೇ ಇರಬೇಕು: ಉದ್ದವೋ, ತೂಕವೋ, ಹೊತ್ತೋ. ನಾಯಿ ಬೆಕ್ಕುಗಳ ತೂಕದ ದಾಖಲೆ ತೆಗೆದುಕೊಳ್ಳುವುದಿಲ್ಲ, ಜನ ಸುಮ್ನೆ ತಿನ್ನಿಸಿ ತಿನ್ನಿಸಿ ಸಾಯಿಸಿಬಿಡ್ತಾರೆ ಅಂತ. ದೊಡ್ಡ ದೋಸೆ ಹುಯ್ಯುವ ಆಸೆ ಇದ್ದರೆ ತಿನ್ನುವವರನ್ನೂ ಕರೆಸಿ. ಮಾಡಿದ ಅಡುಗೆ ದಂಡವಾಗುವ ಹಾಗಿಲ್ಲ.

ಅರ್ಜಿ. ಗಿನ್ನೆಸ್ ವೆಬ್‌ಸೈಟಿನಲ್ಲಿ ಖಾತೆ ತೆರೆದು, ಬೇಕಾದ ದಾಖಲೆ ಹುಡುಕಿ ಅರ್ಜಿ ಹಾಕಿ. ಈಗಾಗಲೇ ಇರುವ ದಾಖಲೆ ಮುರಿಯಲು ಹಾಕುವ ಸಾಮಾನ್ಯ ಅರ್ಜಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಉತ್ತರಕ್ಕೆ 12 ವಾರ ಹಿಡಿಯಬಹುದು. ದುಡ್ಡು ಕಟ್ಟಿದರೆ ಬೇಗ. ಅವಸರ ಇಲ್ಲದಿದ್ದರೆ ಕಾಯುವುದೇ ವಾಸಿ, ಆ ಮೂರು ತಿಂಗಳು ಅಭ್ಯಾಸಕ್ಕೂ ಬೇಕಲ್ವಾ? ದಾರಿಯಲ್ಲಿ ‘ವರ್ಲ್ಡ್ ರೆಕಾರ್ಡ್’ ಅಂತ ಹೆಸರಿಟ್ಟುಕೊಂಡು, ಫೀಸು ಕಟ್ಟಿದ ತಕ್ಷಣ ಮೆಡಲ್ ಕೊರಿಯರ್ ಮಾಡುವವರೂ ಸಿಗ್ತಾರೆ. ಅವರ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ನಿಯಮದ ಕಡತ. ಅರ್ಜಿ ಒಪ್ಪಿದರೆ ಆ ದಾಖಲೆಗೆಂದೇ ಬರೆದ ನಿಯಮ ಕಳಿಸುತ್ತಾರೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಕೈ ಎಲ್ಲಿಂದ ಶುರುವಾಗಬೇಕು, ಯಾವುದು ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ, ಎಲ್ಲ ಅದರಲ್ಲೇ ಇರುತ್ತದೆ.

ಸಾಕ್ಷಿ, ವಿಡಿಯೊ. ಸ್ವತಂತ್ರ ಸಾಕ್ಷಿಗಳು ಇಬ್ಬರು ಬೇಕು. ಭಾವ, ಮಾವ, ನಿಮ್ಮದೇ ಸಂಘದ ಕಾರ್ಯದರ್ಶಿ ಆಗುವುದಿಲ್ಲ. ಹೊತ್ತಿನ ದಾಖಲೆಯಾದರೆ ಸ್ಟಾಪ್‌ವಾಚ್ ಹಿಡಿದವರು ಬೇರೆ. ವಿಡಿಯೊ ಶುರುವಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಇರಬೇಕು, ಕತ್ತರಿ ಹಾಕುವಂತಿಲ್ಲ.

ನನ್ನ ಗೆಳೆಯನೊಬ್ಬ ಒಂದು ನಿಮಿಷದ ಸ್ಕಿಪ್ಪಿಂಗ್‌ಗೆ ಕೈ ಹಾಕಿದ್ದ. ಸ್ಟೂಲಿನ ಮೇಲೆ ಎರಡು ಡಿಕ್ಷನರಿ, ಅದಕ್ಕೊರಗಿಸಿದ ಫೋನು. ನಲವತ್ತು ಸೆಕೆಂಡಾಗಿತ್ತು, ಹಗ್ಗ ಕಣ್ಣಿಗೆ ಕಾಣದಷ್ಟು ಜೋರು. ಆಗ ಅವನ ಅತ್ತೆಯ ಕಾಲ್ ಬಂತು. ರೆಕಾರ್ಡಿಂಗ್ ಅಲ್ಲಿಗೇ ನಿಂತಿತು. ಅವನಿಗೆ ಗೊತ್ತಾಗಿದ್ದು ಹಾರಿ ಮುಗಿಸಿ, ಬೆವರು ಒರೆಸಿಕೊಂಡು ಫೋನ್ ನೋಡಿದ ಮೇಲೆ. ಅದಕ್ಕೇ ಹೇಳೋದು, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಇನ್ನೊಂದು ಕ್ಯಾಮೆರಾ ಬೇರೆ ಕೋನದಲ್ಲಿ ಇರಲಿ.

ಜನ ಸೇರಿಸುವವರಿಗೆ. ಇದು ಬೇರೆಯೇ ತಲೆನೋವು. 2015ರ ಜೂನ್ 21ರಂದು ದೆಹಲಿಯ ರಾಜಪಥದಲ್ಲಿ 35,985 ಜನ ಒಟ್ಟಿಗೆ ಯೋಗ ಮಾಡಿ ದಾಖಲೆ ಬರೆದರು. ಇಂಥದ್ದರಲ್ಲಿ ಸುಮಾರು 50 ಜನಕ್ಕೊಬ್ಬ ಮೇಲ್ವಿಚಾರಕ ಬೇಕು. ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಚೌಕ ಮಾಡಿ, ಚೌಕಕ್ಕೊಬ್ಬರನ್ನು ನಿಲ್ಲಿಸಿ. ಬಾಗಿಲಲ್ಲೇ ಎಣಿಸಿ ಒಳಗೆ ಬಿಡಿ. ನಡುವೆ ಎದ್ದು ನೀರು ಕುಡಿಯಲು ಹೋದ ಹುಡುಗ, ಆಸನ ಬಿಟ್ಟು ಸೆಲ್ಫಿ ತೆಗೆಯುತ್ತಾ ನಿಂತ ಮುಖಂಡರು, ಇಬ್ಬರನ್ನೂ ಲೆಕ್ಕದಿಂದ ಕಳೆಯಬೇಕು. ಮುಖಂಡರ ಹೆಸರು ಹೊಡೆದು ಹಾಕುವ ಧೈರ್ಯ ಇರುವವರನ್ನೇ ಮೇಲ್ವಿಚಾರಕರಾಗಿ ಆರಿಸಿ.

ಆಮೇಲೆ. ವಿಡಿಯೊ, ಫೋಟೊ, ಸಾಕ್ಷಿಗಳ ಸಹಿ ಮಾಡಿದ ಹೇಳಿಕೆ, ಎಣಿಕೆಯ ಹಾಳೆ, ಎಲ್ಲವನ್ನೂ ಅಪ್‌ಲೋಡ್ ಮಾಡಿ. ಪರಿಶೀಲನೆಗೆ ಮತ್ತೆ ವಾರಗಟ್ಟಲೆ ಬೇಕು. ತೀರ್ಪುಗಾರರನ್ನು ದುಡ್ಡು ಕೊಟ್ಟು ಕರೆಸಿದರೆ ಸ್ಥಳದಲ್ಲೇ ಫಲಿತಾಂಶ, ಆದರೆ ಖರ್ಚು ಸಣ್ಣದಲ್ಲ. ಗೆದ್ದರೆ ಸರ್ಟಿಫಿಕೇಟ್ ಬರುತ್ತದೆ, ನಗದು ಬಹುಮಾನ ಇಲ್ಲ. ಅದು ಕೈಗೆ ಬರುವವರೆಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಬೇಡಿ.