ಡೈಕ್ರೋಮೇಟ್ ಪುಡಿ: ದೂಳೆಬ್ಬಿಸದೆ ತೂಗುವುದು ಹೇಗೆ?

ಲ್ಯಾಬಿನಲ್ಲಿ ಆಸಿಡ್ ಬಾಟಲಿ ಎಂದರೆ ಎಲ್ಲರಿಗೂ ಹೆದರಿಕೆ. ಮುಚ್ಚಳ ತೆಗೆದರೆ ಘಾಟು ಮೂಗಿಗೆ ಅಡರುತ್ತದೆ, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಟೈಟ್ರೇಶನ್‌ಗೆ (ಗೊತ್ತಿರುವ ದ್ರಾವಣವನ್ನು ಹನಿಸಿ ಇನ್ನೊಂದರ ಪ್ರಮಾಣ ಅಳೆಯುವುದಕ್ಕೆ) ಬಳಸುವ ಪೊಟ್ಯಾಸಿಯಂ ಡೈಕ್ರೋಮೇಟ್ ಪುಡಿ ಹಾಗಲ್ಲ. ವಾಸನೆಯಿಲ್ಲ, ಹೊಗೆಯಿಲ್ಲ. ಕೆಂಪು ಬೆರೆತ ಕಿತ್ತಳೆ ಬಣ್ಣ, ನೋಡಲು ಚೆಂದ. ಹಾಗಾಗಿ ಯಾವ ಅಂಜಿಕೆಯೂ ಇಲ್ಲದೆ ಬಾಟಲಿಗೆ ಸ್ಪ್ಯಾಚುಲಾ (ಪುಡಿ ತೆಗೆಯುವ ಚಪ್ಪಟೆ ಚಮಚ) ಇಳಿಸುತ್ತಾರೆ. ಟೈಟ್ರೇಶನ್ ಕಲಿಯುವ ಹುಡುಗ ಹುಡುಗಿಯರ ಪಕ್ಕ ವರ್ಷಗಟ್ಟಲೆ ನಿಂತು ನೋಡಿದ್ದೇನೆ. ದ್ರಾವಣ ಹನಿಸುವ ಬ್ಯೂರೆಟ್ ಹಿಡಿಯುವಾಗ ಇರುವ ಎಚ್ಚರ ತೂಗುವಾಗ ಇರುವುದಿಲ್ಲ. ಅಪಾಯ ಇರುವುದೇ ತೂಗುವಲ್ಲಿ.

ಇದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಆ ಲೋಹದ ವಿಷಕಾರಿ ರೂಪ. ಇಂಥ ಕ್ರೋಮಿಯಂ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1990ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ದೂಳು ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶಕ್ಕೆ ಕುತ್ತು. ಬಹಳ ಕಾಲ ಉಸಿರಾಡಿದವರ ಮೂಗಿನ ಒಳಗೋಡೆಯೇ ತೂತಾಗುವುದುಂಟು. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿತೆಂದರೆ ಮುಂದೆ ಚೂರು ತಾಗಿದರೂ ಕಡಿತ, ಗುಳ್ಳೆ. ಹೊಟ್ಟೆಗೆ ಹೋದರೆ ಕಿಡ್ನಿ, ಲಿವರ್ ಎರಡಕ್ಕೂ ಪೆಟ್ಟು, ಜೀವವೇ ಹೋಗಬಹುದು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಲ್ಯಾಬ್ ಸಹಾಯಕರೊಬ್ಬರ ಬೆರಳ ಗೆಣ್ಣಿನ ಮೇಲೆ ಪುಟ್ಟ ಹುಣ್ಣೊಂದಿತ್ತು. ಗುಂಡಗೆ, ಅಂಚು ಉಬ್ಬಿ, ನಡುವೆ ಗುಳಿ ಬಿದ್ದಿತ್ತು. ‘ನೋವೇ ಇಲ್ಲ ಮೇಡಂ, ಸುಮ್ನೆ ಬಿಡಿ’ ಎನ್ನುತ್ತಿದ್ದರು. ನೋವಿಲ್ಲದ್ದರಿಂದಲೇ ಅವರು ಅದನ್ನು ತಿಂಗಳುಗಟ್ಟಲೆ ಬಿಟ್ಟುಕೊಂಡಿದ್ದರು. ಗೆಣ್ಣಿನ ಮೇಲೆ ಮೊದಲು ಒಂದು ಗೀರಾಗಿತ್ತು, ಅದರೊಳಗೆ ಪುಡಿ ಕೂತಿತ್ತು, ಅಷ್ಟೇ. ಆಮೇಲಿಂದ ಗ್ಲೌಸ್ ಹಾಕುವ ಮೊದಲು ಎಲ್ಲರ ಕೈಯನ್ನೂ ತಿರುಗಿಸಿ ನೋಡುತ್ತೇನೆ. ಗಾಯವಿದ್ದವರಿಗೆ ಆ ದಿನ ಬೇರೆ ಕೆಲಸ.

ಹಂತ 1: ಪುಡಿ ನಿಜವಾಗಿ ಬೇಕೇ, ಕೇಳಿಕೊಳ್ಳಿ

ಅಳತೆ ಮಾಡಿಟ್ಟ ರೆಡಿ ದ್ರಾವಣ ಸಿಗುತ್ತದೆ. ಸಿಗುವುದಾದರೆ ಅದನ್ನೇ ತರಿಸಿ. ಪುಡಿಯೇ ಬೇಕೆಂದರೆ ನುಣ್ಣಗಿನದ್ದು ಬೇಡ, ಹರಳು ಹರಳಾಗಿರುವುದನ್ನು ಆರಿಸಿಕೊಳ್ಳಿ. ಹರಳು ಕೆಳಗೆ ಬೀಳುತ್ತದೆ, ನುಣ್ಣನೆ ಪುಡಿ ಗಾಳಿಯಲ್ಲಿ ತೇಲುತ್ತದೆ. ಬೇಗ ಕರಗಲಿ ಎಂದು ಹರಳನ್ನು ಕಲ್ಲಿನಲ್ಲಿ ಅರೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. 20 ಡಿಗ್ರಿಯಲ್ಲೇ 100 ಮಿ.ಲೀ. ನೀರಿಗೆ ಸುಮಾರು 12 ಗ್ರಾಂ ಕರಗುತ್ತದೆ, ಅರೆಯುವ ಅಗತ್ಯವೇ ಇಲ್ಲ.

ಹಂತ 2: ಮೈಗೆ, ಕೈಗೆ ರಕ್ಷಣೆ

ಉದ್ದ ತೋಳಿನ ಕೋಟು, ಪಕ್ಕವೂ ಮುಚ್ಚುವ ಕನ್ನಡಕ, ನೈಟ್ರೈಲ್ ಗ್ಲೌಸ್. ಪೆಟ್ಟಿಗೆಗಟ್ಟಲೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಗ್ಲೌಸ್ ಇದಕ್ಕೆ ಆಗುವುದಿಲ್ಲ. ಮಣಿಕಟ್ಟಿನಲ್ಲಿ ಬಾಯಿ ತೆರೆದೇ ಇರುತ್ತದೆ, ಅಂಚು ಬೆಸೆದಲ್ಲಿ ಬಿಡುತ್ತದೆ. ಕೋಟಿನ ತೋಳಿನ ಮೇಲೆ ಗ್ಲೌಸ್ ಬರಬೇಕು, ಒಳಗಲ್ಲ. ಇನ್ನು ಮಾಸ್ಕ್. ಮೂರು ಪದರದ ಬಟ್ಟೆ ಅಥವಾ ಸರ್ಜಿಕಲ್ ಮಾಸ್ಕ್ ಪುಡಿಯ ದೂಳನ್ನು ತಡೆಯುವುದಿಲ್ಲ, ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗುತ್ತದೆ. ಫ್ಯೂಮ್ ಹುಡ್ (ಒಳಗಿನ ಗಾಳಿಯನ್ನು ಹೊರಗೆಳೆಯುವ, ಮುಂದೆ ಗಾಜಿರುವ ಗೂಡು) ಇದ್ದರೆ ಅದರೊಳಗೇ ಕೆಲಸ ಮಾಡಿ. ಎನ್-95 ಅದರ ಮೇಲಿನ ಹೆಚ್ಚುವರಿ ಜಾಗ್ರತೆ, ಹುಡ್‌ಗೆ ಬದಲಿ ಅಲ್ಲ.

ಹಂತ 3: ತೂಗುವುದು

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಹುಡ್ ಒಳಗೆ ಗಾಳಿ ಎಳೆಯುತ್ತಿರುತ್ತದೆ, ಅಲ್ಲಿ ಬ್ಯಾಲೆನ್ಸ್ ಇಟ್ಟರೆ ಅಂಕಿ ಕುಣಿಯುತ್ತಲೇ ಇರುತ್ತದೆ. ಅದಕ್ಕೆ ಬಹಳ ಜನ ಬಾಟಲಿಯನ್ನೇ ಹೊರಗೆ ತಂದು ಬ್ಯಾಲೆನ್ಸ್ ಪಕ್ಕ ತೆರೆಯುತ್ತಾರೆ. ಅದು ತಪ್ಪು. ಪುಡಿ ಹುಡ್‌ನಲ್ಲೇ ಇರಲಿ, ಓಡಾಡಬೇಕಾದ್ದು ಮುಚ್ಚಳವಿರುವ ಚಿಕ್ಕ ಗಾಜಿನ ವೇಯಿಂಗ್ ಬಾಟಲಿ.

ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ಬ್ಯಾಲೆನ್ಸ್ ಮೇಲಿಟ್ಟು ತೂಕ ಬರೆದುಕೊಳ್ಳಿ. ಹುಡ್‌ಗೆ ಒಯ್ಯಿರಿ. ಹುಡ್‌ನ ಗಾಜು ಇಳಿದಿರಲಿ, ಕೆಲಸ ಅಂಚಿನಿಂದ 15 ಸೆಂ.ಮೀ.ಗಿಂತ ಒಳಗೆ ನಡೆಯಲಿ. ಕೆಳಗೆ ಒದ್ದೆ ಮಾಡಿದ ಬಿಳಿ ಟಿಶ್ಯೂ ಹಾಸಿ. ದೊಡ್ಡ ಬಾಟಲಿಯನ್ನು ಸ್ವಲ್ಪ ಓರೆ ಮಾಡಿ, ವೇಯಿಂಗ್ ಬಾಟಲಿಯ ಬಾಯನ್ನು ಅದರ ಹತ್ತಿರಕ್ಕೆ ತನ್ನಿ. ಸ್ಪ್ಯಾಚುಲಾ ಪ್ರಯಾಣ ಎರಡು ಬೆರಳಿನಷ್ಟು ದೂರ ಇದ್ದರೆ ಸಾಕು. ಪುಡಿಯನ್ನು ಮೇಲಿನಿಂದ ಸುರಿಯಬೇಡಿ, ತಳಕ್ಕೆ ಸ್ಪ್ಯಾಚುಲಾ ತುದಿ ಮುಟ್ಟಿಸಿ ಜಾರಿಸಿ.

ಜಾರದೆ ಉಳಿದ ಹರಳಿಗೆ ಏನು ಮಾಡುತ್ತೀರಿ? ಬಾಟಲಿಯ ಬಾಯಿಗೆ ಟಕ್ ಟಕ್ ಎಂದು ಹೊಡೆಯುತ್ತೀರಿ, ಅಲ್ವಾ? ನಾನು ನೋಡಿದ ಹತ್ತರಲ್ಲಿ ಒಂಬತ್ತು ಜನ ಹೊಡೆಯುತ್ತಾರೆ. ಆ ಒಂದು ಟಕ್‌ಗೆ ಏಳುವ ದೂಳು ಕಣ್ಣಿಗೆ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಪಕ್ಕ ನಿಂತಾಗ ಒಮ್ಮೆ ಕಂಡಿದ್ದೆ. ಬಾಟಲಿಯ ಬಾಯಿಂದ ತೆಳ್ಳನೆಯ ಕಿತ್ತಳೆ ಎಳೆಯೊಂದು ಎದ್ದು, ಬಗ್ಗಿ ನೋಡುತ್ತಿದ್ದ ಹುಡುಗಿಯ ಮುಖದ ಕಡೆಗೇ ತಿರುಗಿತು. ಹೊಡೆಯುವ ಬದಲು ಸ್ಪ್ಯಾಚುಲಾವನ್ನು ಬೆರಳಲ್ಲಿ ಮೆಲ್ಲಗೆ ಹೊರಳಿಸಿ. ಆಗಲೂ ಅಂಟಿಕೊಂಡಿದ್ದರೆ ಬಿಟ್ಟುಬಿಡಿ, ಆಮೇಲೆ ನೀರಲ್ಲಿ ತೊಳೆದರಾಯಿತು.

ಮುಚ್ಚಳ ಹಾಕಿ. ಹೊರಮೈಯನ್ನು ಒದ್ದೆ ಟಿಶ್ಯೂನಿಂದ ಒರೆಸಿ, ಆಮೇಲೆ ಒಣ ಟಿಶ್ಯೂನಿಂದ. ಈಗ ಬ್ಯಾಲೆನ್ಸ್‌ಗೆ ಒಯ್ದು ತೂಗಿ.

0.1 ನಾರ್ಮಲ್ ದ್ರಾವಣಕ್ಕೆ (ನಾರ್ಮಲ್ ಎಂದರೆ ದ್ರಾವಣದ ಸಾಂದ್ರತೆಯ ಒಂದು ಅಳತೆ) ಲೀಟರಿಗೆ 4.903 ಗ್ರಾಂ ಬೇಕು. ಸರಿಯಾಗಿ 4.903 ಬರಲೇಬೇಕೆಂದು ಒಂದು ಹರಳು ಹಾಕುವುದು, ಎರಡು ತೆಗೆಯುವುದು, ಮತ್ತೆ ಮುಚ್ಚಳ ತೆರೆಯುವುದು, ಈ ಹಟ ಬಿಡಿ. ಪ್ರತಿ ಸಲ ತೆರೆದಾಗಲೂ ದೂಳೇಳುತ್ತದೆ. 4.871 ಬಂತೇ? ಹಾಗೇ ಇರಲಿ. 4.871ನ್ನು 4.903ರಿಂದ ಭಾಗಿಸಿ 0.1ರಿಂದ ಗುಣಿಸಿ. 0.09935 ನಾರ್ಮಲ್. ಅದನ್ನೇ ಲೇಬಲ್ ಮೇಲೆ ಬರೆಯಿರಿ. ಜಾಸ್ತಿ ಬಿದ್ದರೂ ಇದೇ ಲೆಕ್ಕ. ಮಿಕ್ಕಿದ್ದನ್ನು ಮೂಲ ಬಾಟಲಿಗೆ ವಾಪಸ್ ಹಾಕಿದರೆ ಬಾಟಲಿಯ ಶುದ್ಧತೆಯೇ ಹಾಳು.

ಇನ್ನೆರಡು ಮಾತು. ಕಾಗದದ ಮೇಲೆ ತೂಗಬೇಡಿ. ಡೈಕ್ರೋಮೇಟ್ ಬಲವಾದ ಆಕ್ಸಿಡೈಸರ್, ಅಂದರೆ ಬೇರೆ ವಸ್ತು ಉರಿಯಲು ನೆರವಾಗುವಂಥದ್ದು. ಪುಡಿ ಹತ್ತಿದ ಕಾಗದಕ್ಕೆ ಕಿಡಿ ತಾಗಿದರೆ ಜೋರಾಗಿ ಉರಿಯುತ್ತದೆ. ಅಗ್ಗದ ಪ್ಲಾಸ್ಟಿಕ್ ತಟ್ಟೆಯೂ ಬೇಡ. ಒಣ ಹವೆಯಲ್ಲಿ ಅದರಲ್ಲಿ ಸ್ಟ್ಯಾಟಿಕ್ ಕರೆಂಟ್ ಕೂತು ಪುಡಿ ಚಿಮ್ಮುತ್ತದೆ, ಗ್ಲೌಸ್‌ಗೆ ಹಾರಿ ಅಂಟಿಕೊಳ್ಳುತ್ತದೆ. ಓವನ್‌ನಲ್ಲಿ 150 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದ್ದರೆ ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆಯಲ್ಲಿ) ಪೂರ್ತಿ ತಣಿಯಲಿ. ಬಿಸಿ ಬಾಟಲಿಯ ತೂಕ ನಿಲ್ಲುವುದೇ ಇಲ್ಲ.

ಹಂತ 4: ಕರಗಿಸುವುದು

ಹುಡ್‌ನಲ್ಲೇ ಪುಡಿಯಿರುವ ಬಾಟಲಿಗೆ ಸ್ವಲ್ಪ ನೀರು ಹಾಕಿ, ಒದ್ದೆಯಾದ ಮೇಲೆ ಫನೆಲ್ ಮೂಲಕ ಫ್ಲಾಸ್ಕ್‌ಗೆ ತೊಳೆದು ಗುರುತಿನವರೆಗೆ ತುಂಬಿ. ಅಷ್ಟೇ.

ಪುಡಿಯ ಮೇಲೆ ನೇರವಾಗಿ ಗಾಢ ಸಲ್ಫ್ಯೂರಿಕ್ ಆಸಿಡ್ ಸುರಿದು ಗಾಜು ತೊಳೆಯುವ ಹಳೆಯ ಪದ್ಧತಿಯೊಂದಿದೆ. ಬಿಟ್ಟುಬಿಡಿ. ಅಲ್ಲಿ ಉಪ್ಪಿನ ಅಂಶ ಉಳಿದಿದ್ದರೆ ಕ್ರೋಮೈಲ್ ಕ್ಲೋರೈಡ್ ಎಂಬ ಕೆಂಪು ವಿಷದ ಆವಿ ಏಳುತ್ತದೆ. ಗಾಜು ತೊಳೆಯಲು ಲ್ಯಾಬ್ ಡಿಟರ್ಜೆಂಟ್ ಸಾಕು.

ಹಂತ 5: ಚೆಲ್ಲಿದರೆ, ತಾಗಿದರೆ

ಒಣ ಪೊರಕೆ ಮುಟ್ಟಬೇಡಿ. ಮರದ ಹೊಟ್ಟು ಉದುರಿಸಬೇಡಿ, ಅದು ಹೊತ್ತಿಕೊಳ್ಳುವ ವಸ್ತು. ಒದ್ದೆ ಟಿಶ್ಯೂ ಮೇಲಿಟ್ಟು ಒತ್ತಿ, ಒಳಮುಖವಾಗಿ ಮಡಚಿ ಎತ್ತಿ. ಬಿಳಿ ಟಿಶ್ಯೂಗೆ ಹಳದಿ ಹತ್ತುವುದು ನಿಲ್ಲುವವರೆಗೂ ಹೊಸ ಹೊಸ ಟಿಶ್ಯೂ ಬಳಸಿ. ಬಳಸಿದ್ದನ್ನು ಕಸದ ಬುಟ್ಟಿಗೆ ಹಾಕಿ ಒಣಗಲು ಬಿಡಬಾರದು, ನೀರಿರುವ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.

ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡಿ, ನಂತರ ಡಾಕ್ಟರ ಹತ್ತಿರ ಹೋಗಿ. ಚರ್ಮಕ್ಕಾದರೆ ಧಾರಾಳ ನೀರು, ಸೋಪು. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯ ಲೇಬಲ್‌ನ ಫೋಟೋ ಜೊತೆಗಿರಲಿ.

ಗ್ಲೌಸ್ ಹಾಕಿದ ಕೈಯಲ್ಲಿ ಮಾತ್ರ ಆ ಫೋಟೋ ತೆಗೆಯಬೇಡಿ. ತೂಗುವಾಗ ಫೋನ್ ನೋಡಿದರೆ ಪುಡಿ ಗಾಜಿನ ಮೇಲೆ ಕೂರುತ್ತದೆ, ಸಂಜೆ ಅದೇ ಫೋನ್ ಕೆನ್ನೆಗೆ ತಾಗುತ್ತದೆ. ಗ್ಲೌಸ್ ಒಳಮೈ ಹೊರಬರುವಂತೆ ಮಗುಚಿ ತೆಗೆದು, ಕೈ ತೊಳೆದು, ಆಮೇಲೆ ಫೋನ್.

ಹಂತ 6: ಉಳಿದದ್ದು

ಸಿಂಕಿಗೆ ಚೆಲ್ಲಬಾರದು. ನೀರಿನ ಜೀವಿಗಳಿಗೆ ಇದು ತೀರಾ ವಿಷ. ತಿಳಿದವರ ಜೊತೆ ನಿಂತು ಹುಡ್‌ನಲ್ಲಿ ಹೀಗೆ ಮಾಡಿ. ತೆಳುಗೊಳಿಸಿದ ದ್ರಾವಣಕ್ಕೆ ಸಲ್ಫ್ಯೂರಿಕ್ ಆಸಿಡ್ ಹನಿಸಿ ಪಿಎಚ್ (ಆಮ್ಲೀಯತೆಯ ಅಳತೆ) 3ಕ್ಕಿಂತ ಕೆಳಗಿಳಿಸಿ. ಸೋಡಿಯಂ ಬೈಸಲ್ಫೈಟ್ ದ್ರಾವಣವನ್ನು ಚೂರು ಚೂರೇ ಸೇರಿಸಿ, ಒಮ್ಮೆಲೇ ಸುರಿದರೆ ಗಂಧಕದ ಘಾಟು ಹೊರಡುತ್ತದೆ. ಕಿತ್ತಳೆ ಬಣ್ಣ ಮೊದಲು ಕಂದುಹಸಿರಿಗೆ ತಿರುಗುತ್ತದೆ. ಅಲ್ಲಿಗೇ ನಿಲ್ಲಿಸುವವರು ಜಾಸ್ತಿ. ಹಳದಿಯ ಛಾಯೆ ಒಂದಿಷ್ಟೂ ಉಳಿಯದೆ ಅಚ್ಚ ಹಸಿರಾಗುವವರೆಗೆ ಮುಂದುವರಿಸಿ. ಈಗ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದಿದೆ, ಅಪಾಯ ಬಹಳ ತಗ್ಗಿದೆ. ಸುಣ್ಣದ ತಿಳಿ ಹಾಕಿ ಪಿಎಚ್ ಅನ್ನು 8ರಿಂದ 9ರ ನಡುವೆ ತಂದರೆ ಬೂದುಹಸಿರು ಕೆಸರು ತಳಕ್ಕೆ ಇಳಿಯುತ್ತದೆ. ಕೆಸರನ್ನು ಸೋಸಿ, ಡಬ್ಬಿಗೆ ತುಂಬಿ, ‘ಕ್ರೋಮಿಯಂ ತ್ಯಾಜ್ಯ’ ಎಂದೂ ತಾರೀಖನ್ನೂ ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ. ಸ್ಪಿರಿಟ್, ಅಸಿಟೋನ್‌ನಂಥ ಹೊತ್ತಿಕೊಳ್ಳುವ ದ್ರವ ಇಡುವ ಕಪಾಟಿನಲ್ಲಿ ಡೈಕ್ರೋಮೇಟ್‌ನ ಯಾವ ಬಾಟಲಿಯನ್ನೂ ಇಡಬೇಡಿ. ಅದರ ಜಾಗ ಬೇರೆ ಕಪಾಟಿನ ಕೆಳಗಿನ ಹಲಗೆ, ಕಣ್ಣಿನ ಮಟ್ಟಕ್ಕಿಂತ ಕೆಳಗೆ.