ಥಾಯ್ ಕಲಿಯಬೇಕಾ? ಯಾವ ಪುಸ್ತಕ ಮೊದಲು, ಯಾವುದು ಆಮೇಲೆ

ಥಾಯ್ಲೆಂಡಿಗೆ ಟಿಕೆಟ್ ಬುಕ್ ಆದ ಕೂಡಲೇ ಎಲ್ಲರೂ ಹುಡುಕುವುದು ಟ್ರಾವೆಲ್ ಗೈಡ್. ಅದನ್ನು ಕೊನೆಗೆ ಕೊಳ್ಳಿ ಎನ್ನುತ್ತೇನೆ. ಮೂರ್ನಾಲ್ಕು ತಿಂಗಳು ಕೈಯಲ್ಲಿದ್ದರೆ ಮೊದಲು ಅಕ್ಷರ, ಆಮೇಲೆ ಅಡುಗೆ, ಕಡೆಗೆ ಗೈಡ್.

ಥಾಯ್ ಕಲಿಸುವ ಒಳ್ಳೆಯ ಪುಸ್ತಕಗಳು ಬಹುತೇಕ ಇಂಗ್ಲಿಷ್‌ನಲ್ಲಿವೆ. ಇಂಗ್ಲಿಷರ ನಾಲಿಗೆಯನ್ನು ಎದುರಿಗಿಟ್ಟುಕೊಂಡು ಬರೆದವು ಅವು. ಅಲ್ಪಪ್ರಾಣ, ಮಹಾಪ್ರಾಣ, ಹ್ರಸ್ವ, ದೀರ್ಘ ಇವುಗಳಿಗೆ ಪುಟಗಟ್ಟಲೆ ಖರ್ಚು ಮಾಡುತ್ತವೆ. ನಮಗೆ ಅದೆಲ್ಲ ಒಂದನೇ ಕ್ಲಾಸಿನಲ್ಲೇ ಮುಗಿದಿದೆ, ಅಲ್ವಾ? ಆ ಪುಟಗಳನ್ನು ಧೈರ್ಯವಾಗಿ ಹಾರಿಸಿ.

ಹಂತ 1: ಅಕ್ಷರದ ಪುಸ್ತಕ

ಬೆಂಜವಾನ್ ಪೂಮ್‌ಸಾನ್ ಬೆಕರ್ ಅವರ 'ಥಾಯ್ ಫಾರ್ ಬಿಗಿನರ್ಸ್' ಮೊದಲ ಪುಸ್ತಕವಾಗಿ ಸಾಕು. 1995ರಲ್ಲಿ ಬಂದದ್ದು, ಈಗಲೂ ಸಿಗುತ್ತದೆ. ಪ್ರತಿ ಪಾಠದಲ್ಲೂ ಮಾತು ಒಂದು ಕಡೆ, ಲಿಪಿ ಒಂದು ಕಡೆ ಕಲಿಸುತ್ತಾರೆ. ಆಡಿಯೊ ಇರುವ ಪ್ರತಿಯನ್ನೇ ಕೊಳ್ಳಿ.

ಒಂದು ಎಚ್ಚರಿಕೆ. ಥಾಯ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಒಬ್ಬೊಬ್ಬ ಪ್ರಕಾಶಕರದು ಒಂದೊಂದು ಪದ್ಧತಿ. ಬೀದಿ ಬೋರ್ಡುಗಳಲ್ಲಿ ಕಾಣುವ ಸರ್ಕಾರಿ ಪದ್ಧತಿಯಲ್ಲಂತೂ ಸ್ವರ ಉದ್ದವೋ ಗಿಡ್ಡವೋ ಗೊತ್ತಾಗುವುದಿಲ್ಲ. ಎರಡು ಪುಸ್ತಕ ಒಟ್ಟಿಗೆ ಹಿಡಿದರೆ ತಲೆ ಕೆಡುತ್ತದೆ. ಒಂದೇ ಪುಸ್ತಕ ಹಿಡಿದು, ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಕನ್ನಡದಲ್ಲೇ ಉಚ್ಚಾರ ಬರೆದುಕೊಳ್ಳಿ. ನಮ್ಮ ಲಿಪಿ ಈ ಕೆಲಸಕ್ಕೆ ಇಂಗ್ಲಿಷ್‌ಗಿಂತ ಎಷ್ಟೋ ವಾಸಿ. ಮಹಾಪ್ರಾಣವನ್ನು ಮಾತ್ರ ನಮ್ಮ ಅಭ್ಯಾಸದಂತೆ ನುಂಗಬೇಡಿ. ಥಾಯ್‌ನಲ್ಲಿ 'ಕೈ' ಎಂದರೆ ಕೋಳಿ, 'ಖೈ' ಎಂದರೆ ಮೊಟ್ಟೆ.

ಈಗ ನಿಜವಾದ ಲಾಭದ ವಿಷಯಕ್ಕೆ ಬರೋಣ. ಥಾಯ್‌ನಲ್ಲಿ 44 ವ್ಯಂಜನಗಳಿವೆ. ಎರಡು ಈಗ ಬಳಕೆಯಲ್ಲಿಲ್ಲ. ಎಲ್ಲವನ್ನೂ ಮಧ್ಯ, ಉನ್ನತ, ಕೆಳ ಎಂದು ಮೂರು ಗುಂಪು ಮಾಡಿದ್ದಾರೆ. ಒಂದು ಪದವನ್ನು ಯಾವ ರಾಗದಲ್ಲಿ, ಅಂದರೆ ದನಿಯ ಯಾವ ಏರಿಳಿತದಲ್ಲಿ, ಹೇಳಬೇಕು ಎಂಬುದು ಬಹುಪಾಲು ಈ ಗುಂಪಿನ ಮೇಲೆ ನಿಂತಿದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತವೆ. ನೀವು ಪಟ್ಟಿ ಬಿಟ್ಟು ನಮ್ಮ ವರ್ಗೀಯ ವ್ಯಂಜನಗಳನ್ನು ಬರೆದುಕೊಳ್ಳಿ: ಕ ಖ ಗ ಘ ಙ, ಚ ಛ ಜ ಝ ಞ, ಹೀಗೆ ಐದೂ ಸಾಲು. ಥಾಯ್ ವರ್ಣಮಾಲೆಯೂ ಇದೇ ಕ್ರಮದಲ್ಲಿದೆ, ನಡುವೆ ಕೆಲವು ಹೊಸ ಅಕ್ಷರ ಸೇರಿವೆ ಅಷ್ಟೆ. ಮೇಲಿಂದ ಕೆಳಗೆ ಓದಿದರೆ ಮೊದಲ ಕಂಬದ ಅಕ್ಷರಗಳು (ಕ, ಚ, ಟ, ತ, ಪ) ಮಧ್ಯ ಗುಂಪು. ಎರಡನೆಯದು ಉನ್ನತ. ಮೂರು, ನಾಲ್ಕು, ಐದು ಕೆಳ ಗುಂಪು. ಯ ರ ಲ ವ ಕೂಡ ಕೆಳ. ಶ ಷ ಸ ಹ ಉನ್ನತ. ಮುಗಿಯಿತು!

ಹಿಂದೆ ಗ, ಜ, ದ, ಬ ಎಂದಿದ್ದ ದನಿಗಳು ಥಾಯ್‌ನಲ್ಲಿ ಕಾಲಕ್ರಮೇಣ ಖ, ಛ, ಥ, ಫ ಥರ ಆದವು. ಹಳೆಯ ವ್ಯತ್ಯಾಸ ರಾಗಕ್ಕೆ ಹೋಗಿ ಕೂತಿತು. ಅದಕ್ಕೇ ಗ ಇರಬೇಕಾದ ಜಾಗದ ಅಕ್ಷರವನ್ನು ಇವತ್ತು ಖ ಎಂದು ಓದುತ್ತಾರೆ, ಆದರೆ ಅದು ಕೆಳ ಗುಂಪಿಗೆ ಸೇರುತ್ತದೆ. ಇದನ್ನು ತಿಳಿದವರು ವಾರಗಟ್ಟಲೆ ಬಾಯಿಪಾಠ ಉಳಿಸುತ್ತಾರೆ.

ಹಂತ 2: ಕಿವಿಗೆ ಕೆಲಸ

ನಾವು ಹಾರಿಸಬಾರದ ಅಧ್ಯಾಯ ಇದು. ಥಾಯ್‌ನಲ್ಲಿ ಐದು ರಾಗ. 'ಮಾ' ಎಂಬುದು ರಾಗ ಬದಲಾದಂತೆ 'ಬಾ', 'ಕುದುರೆ', 'ನಾಯಿ' ಆಗುತ್ತದೆ. ಪುಸ್ತಕ ಇಲ್ಲಿ ಅರ್ಧ ದಾರಿ ಮಾತ್ರ ಕರೆದೊಯ್ಯುತ್ತದೆ. ಆಡಿಯೊ ಕೇಳಿ, ಜೋರಾಗಿ ಹೇಳಿ, ನಿಮ್ಮ ದನಿಯನ್ನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ಅಕ್ಷರದ ತಲೆ ಮೇಲೆ ಹಾಕುವ ನಾಲ್ಕು ರಾಗ ಚಿಹ್ನೆಗಳ ಹೆಸರು ಏಕ್, ಥೋ, ತ್ರೀ, ಚತ್ತವಾ. ಸಂಸ್ಕೃತದ ಒಂದು, ಎರಡು, ಮೂರು, ನಾಲ್ಕೇ ಇವು.

ಇನ್ನೊಂದು ತೊಡಕು, ತುಟಿ ಅಗಲಿಸಿ ಹೇಳುವ ಒಂದು ಬಗೆಯ 'ಉ'. ತುಳುವಿನ ಪದಾಂತ್ಯದಲ್ಲಿ ಬರುವ ಅರ್ಧ ಉಕಾರಕ್ಕೆ ಅದು ಹತ್ತಿರ. ಮಂಗಳೂರು ಕಡೆಯ ಗೆಳೆಯರಿದ್ದರೆ ಅವರನ್ನು ಕೇಳಿ, ಪುಸ್ತಕದ ಚಿತ್ರಕ್ಕಿಂತ ಬೇಗ ಅರ್ಥವಾಗುತ್ತದೆ.

ಹಂತ 3: ವ್ಯಾಕರಣ, ನಿಘಂಟು, ಮಕ್ಕಳ ಪಠ್ಯ

ಥಾಯ್ ಕ್ರಿಯಾಪದಕ್ಕೆ ಕಾಲ, ಲಿಂಗ, ವಚನದ ಪ್ರತ್ಯಯಗಳಿಲ್ಲ. ಹಾಗಾಗಿ ದಪ್ಪ ವ್ಯಾಕರಣ ಸದ್ಯಕ್ಕೆ ಬೇಡ. ಬೇಕೆನಿಸಿದಾಗ ಡೇವಿಡ್ ಸ್ಮಿತ್ ಅವರ 'ಥಾಯ್: ಆನ್ ಎಸೆನ್ಷಿಯಲ್ ಗ್ರಾಮರ್' ತೆಗೆದು ನೋಡಿ. ನಿಘಂಟಿನಲ್ಲಿ ಮೇರಿ ಹಾಸ್ 1964ರಲ್ಲಿ ಹೊರತಂದದ್ದು ಇಂದಿಗೂ ಗಟ್ಟಿ. ಮೊಬೈಲ್ ಪದ ಅದರಲ್ಲಿ ಸಿಗಲ್ಲ ನಿಜ. ಆದರೆ ಯಾವ ವಸ್ತುವನ್ನು ಎಣಿಸುವಾಗ ಯಾವ ಪದ ಸೇರಿಸಬೇಕು ಎಂದು ಅದು ಹೇಳುತ್ತದೆ, ಥಾಯ್‌ನಲ್ಲಿ ಅದಿಲ್ಲದೆ ಎಣಿಸಲಾಗದು.

ಓದುವ ಅಭ್ಯಾಸಕ್ಕೆ ಮಕ್ಕಳ ಪುಸ್ತಕವೇ ಸರಿ. 1978ರಿಂದ 1994ರವರೆಗೆ ಥಾಯ್ ಪ್ರಾಥಮಿಕ ಶಾಲೆಗಳಲ್ಲಿದ್ದ ಮಾನಾ-ಮಾನೀ ಅಣ್ಣತಂಗಿಯ ಪಾಠಗಳನ್ನು ಆ ಕಾಲದಲ್ಲಿ ಓದಿದವರು ಇಂದಿಗೂ ನೆನೆಯುತ್ತಾರೆ. ಸಿಕ್ಕರೆ ಬಿಡಬೇಡಿ. ಅಂಥ ಪುಸ್ತಕದ ಮೇಲೆ 2530 ಎಂದು ಕಂಡರೆ ಗಾಬರಿ ಬೇಡ. ಅದು ಬುದ್ಧ ಶಕೆ. 543 ಕಳೆಯಿರಿ, 1987 ಆಯಿತು.

ಹಂತ 4: ಅಡುಗೆ ಪುಸ್ತಕ

ಡೇವಿಡ್ ಥಾಂಪ್ಸನ್ ಅವರ 'ಥಾಯ್ ಫುಡ್' (2002) ಬಗ್ಗೆ ಎಲ್ಲರೂ ಹೇಳುತ್ತಾರೆ. ಇತಿಹಾಸ, ಅರಮನೆ ಅಡುಗೆ, ಮಸಾಲೆ ಎಲ್ಲ ಇರುವ ಭಾರೀ ಪುಸ್ತಕ. ಸೋಫಾದಲ್ಲಿ ಕೂತು ಓದಲು ಚಂದ. ಒಲೆ ಮುಂದೆ ನಿಲ್ಲುವವರಿಗೆ ಲೀಲಾ ಪುಣ್ಯರತಬಂಧು ಅವರ 'ಸಿಂಪಲ್ ಥಾಯ್ ಫುಡ್' (2014) ಉಪಯೋಗ ಜಾಸ್ತಿ. ಚಿಯಾಂಗ್ ಮಾಯ್ ಕಡೆ ಹೊರಟವರು ಆಸ್ಟಿನ್ ಬುಷ್ ಅವರ 'ದ ಫುಡ್ ಆಫ್ ನಾರ್ದರ್ನ್ ಥಾಯ್ಲೆಂಡ್' ನೋಡಬಹುದು.

ಪುಸ್ತಕಗಳು 'ಸಿಗುವುದು ಕಷ್ಟ' ಎನ್ನುವ ಕೆಲವು ಸಾಮಾನು ನಮ್ಮಲ್ಲಿ ಸುಲಭ. ಥಾಯ್ ಮಸಾಲೆಗೆ ಕೊತ್ತಂಬರಿ ಬೇರು ಬೇಕೇ ಬೇಕು. ನಮ್ಮ ಸಂತೆಯಲ್ಲಿ ಕಟ್ಟು ಬೇರು ಸಮೇತವೇ ಬರುತ್ತದೆ, ನಾವು ಕತ್ತರಿಸಿ ಬಿಸಾಡುತ್ತೇವೆ. ಕಫ್ರಾವ್ ಎಂಬ ಎಲೆ ತುಳಸಿ ಜಾತಿಯದು, ಹೊರಫಾ ಕಾಮಕಸ್ತೂರಿಯ ಬಳಗ. ಗ್ರಂದಿಗೆ ಅಂಗಡಿಯ ಒಣ ದುಂಪರಾಸ್ಮೆ ಮಾತ್ರ ಗಲಂಗಲ್ ಎಂಬ ಶುಂಠಿ ಜಾತಿಯ ಗೆಡ್ಡೆಯ ಬದಲಿಗೆ ಆಗದು. ಹಸಿಯದೇ ಬೇಕು.

ಸಸ್ಯಾಹಾರಿಗಳು ಯಾವ ಪುಸ್ತಕ ಕೊಂಡರೂ ಮೊದಲು ಎರಡು ಹೆಸರು ಗುರುತಿಸಿ: 'ನಾಮ್ ಪ್ಲಾ' ಮೀನಿನ ಸಾಸ್, 'ಕಪಿ' ಸೀಗಡಿ ಪೇಸ್ಟ್. ಬರೀ ತರಕಾರಿ ಇರುವ ತಟ್ಟೆಯಲ್ಲೂ ಇವು ಅಡಗಿರುತ್ತವೆ. 'ಮೈ ಸೈ ನಾಮ್ ಪ್ಲಾ' ಎಂದರೆ ಮೀನಿನ ಸಾಸ್ ಹಾಕಬೇಡಿ. ಹಳದಿ ಬಾವುಟದಲ್ಲಿ ಕೆಂಪಕ್ಷರದ 'ಚೇ' ಕಂಡ ಅಂಗಡಿಗೆ ನಿಶ್ಚಿಂತೆಯಿಂದ ಹೋಗಿ. ಅಲ್ಲಿ ಮಾಂಸ, ಮೊಟ್ಟೆ, ಹಾಲು ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಆ ಪದದಲ್ಲಿ ಇರುವುದು ಎರಡೇ ಗುರುತು, ಏಕಾರ ಮೊದಲು, ಚ ಆಮೇಲೆ. ಸ್ವರಚಿಹ್ನೆ ಮುಂದೆ ಬರುವುದು ತಮಿಳು ಬೋರ್ಡ್ ಓದಬಲ್ಲವರಿಗೆ ಹೊಸದಲ್ಲ. ಮೊದಲ ಹಂತದ ಶ್ರಮ ಇಲ್ಲಿ ಹೊಟ್ಟೆ ತುಂಬಿಸುತ್ತದೆ.

ಹಂತ 5: ಈಗ ಗೈಡ್

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬ್ಯಾಂಕಾಕ್ ರೈಲಿನ ಪುಟ ತೆಗೆಯಿರಿ. ಚಿಯಾಂಗ್ ಮಾಯ್ ರೈಲು ಹುವಾ ಲಾಂಫೋಂಗ್ ನಿಲ್ದಾಣದಿಂದ ಹೊರಡುತ್ತದೆ ಎಂದಿದ್ದರೆ ಪುಸ್ತಕ ಹಳತು, ಕೆಳಗಿಡಿ. ದೂರದ ಎಕ್ಸ್‌ಪ್ರೆಸ್ ರೈಲುಗಳು 2023ರ ಜನವರಿಯಿಂದ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣಕ್ಕೆ ಹೋಗಿವೆ. ಆಗಮನದ ಕಾರ್ಡ್ ಕೂಡ 2025ರ ಮೇ 1ರಿಂದ ಆನ್‌ಲೈನ್ ಆಗಿದೆ. ವೀಸಾ ವಿಷಯದಲ್ಲಂತೂ ಯಾವ ಮುದ್ರಿತ ಪುಟವನ್ನೂ ನಂಬಬೇಡಿ, ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ.

ಹೊರಡುವ ಮುನ್ನ ಥಾಯ್ ಅಂಕಿಗಳನ್ನೂ ಕಲಿತುಬಿಡಿ. ಕೆಲವು ಪ್ರವೇಶದ್ವಾರಗಳಲ್ಲಿ ಸ್ಥಳೀಯರ ದರವನ್ನು ಥಾಯ್ ಅಂಕಿಯಲ್ಲಿ, ವಿದೇಶಿಯರ ದರವನ್ನು ನಮಗೆ ಓದಲು ಬರುವ ಅಂಕಿಯಲ್ಲಿ ಬರೆದಿರುತ್ತಾರೆ. ಓದಿದರೂ ಕೊಡಬೇಕಾದದ್ದು ದೊಡ್ಡ ಮೊತ್ತವೇ, ಎಷ್ಟು ಜಾಸ್ತಿ ಎಂದಾದರೂ ಗೊತ್ತಾಗುತ್ತದೆ.

ಎಲ್ಲವನ್ನೂ ಇಲ್ಲಿಂದಲೇ ತರಿಸಿ ಕೊರಿಯರ್‌ಗೆ ದುಡ್ಡು ಸುರಿಯಬೇಡಿ. ಬೆಕರ್ ಪುಸ್ತಕ ಮತ್ತು ಒಂದು ಅಡುಗೆ ಪುಸ್ತಕ ಸಾಕು. ಮಕ್ಕಳ ಪಠ್ಯ, ನಿಘಂಟು ಬ್ಯಾಂಕಾಕ್‌ನ ಸಯಾಮ್ ಸ್ಕ್ವೇರ್‌ನಲ್ಲಿರುವ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಪುಸ್ತಕದಂಗಡಿಯಲ್ಲಿ ನೋಡಿ. ಇಂಗ್ಲಿಷ್ ಪುಸ್ತಕಗಳಿಗೆ ಹತ್ತಿರದ ಸಯಾಮ್ ಪ್ಯಾರಗಾನ್ ಮಾಲ್‌ನ ಕಿನೋಕುನಿಯಾ ಇದೆ. ವಾಪಸ್ ಬರುವಾಗ ಬ್ಯಾಗಿನ ತೂಕ ನೋಡಿಕೊಳ್ಳಿ, ಥಾಂಪ್ಸನ್ ಪುಸ್ತಕ ನಿಜಕ್ಕೂ ಭಾರ.