ಸೊಪ್ಪಿನಬೆಟ್ಟದಲ್ಲಿ ಒಣಮರ ಬಿಟ್ಟು ನೋಡಿದ್ದು

ಶಿರಸಿ, ಸಿದ್ದಾಪುರದ ಕಡೆಯವರಿಗೆ ಸೊಪ್ಪಿನಬೆಟ್ಟ ಅಂದರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಚುಟುಕಾಗಿ ಹೇಳುತ್ತೇನೆ. ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಅಂತ ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟ ಕಾಡು ಇದು. ಜಾಗ ಸರ್ಕಾರದ್ದು, ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ತರುವ ಹಕ್ಕು ತೋಟದವರದ್ದು. ಮತ್ತಿ, ಕಿಂದಲ, ನಂದಿ, ಹೊನ್ನೆ, ನೇರಲು ಎಲ್ಲ ಇವೆ, ಆದರೆ ಕತ್ತಿ ತಾಗದ ಮರ ಇಲ್ಲ. ಇಂಥ ಕಾಡಿನಲ್ಲಿ ಮೊದಲು ಖಾಲಿಯಾಗುವುದು ಒಣಮರ. ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಎಷ್ಟು ಕಟ್ಟಿಗೆ ಇದ್ದರೂ ಸಾಲದು, ಅಲ್ವಾ?

ಕೆಲವು ವರ್ಷಗಳಿಂದ ನಾನು ಬೆಟ್ಟದಲ್ಲಿ ಒಣಗಿ ನಿಂತ ಮರ ಕಡಿಸುವುದನ್ನೂ ಬಿದ್ದ ದಪ್ಪ ಕುಂಟೆ, ಅಂದರೆ ಮರದ ದಿಮ್ಮಿ, ಎತ್ತಿಸುವುದನ್ನೂ ಬಹಳ ಕಡಿಮೆ ಮಾಡಿದ್ದೇನೆ. ಕಾರಣ ಹುಳ, ಒಣಮರದಲ್ಲೇ ಬದುಕುವ ದುಂಬಿ, ಹುಳ ಉಳಿಯಲಿ ಅಂತ. ಸುತ್ತಲಿನವರು ಇದನ್ನು ಬೇಡ ಅನ್ನುವುದೂ ಹುಳದ ಕಾರಣಕ್ಕೇ. "ಲಡ್ಡು ಮರ ಬಿಟ್ರೆ ಹುಳ ಹುಟ್ಟಿ ತೋಟಕ್ಕೆ ಇಳೀತದೆ ಮಾರಾಯಾ" ಅಂತಾರೆ, ಲಡ್ಡು ಅಂದರೆ ಕೊಳೆತದ್ದು.

ಈ ಭಯ ಪೂರ್ತಿ ಸುಳ್ಳಲ್ಲ, ಆದರೆ ಹೆಚ್ಚಿನ ಪಾಲು ಸುಳ್ಳು. ಸತ್ತ ಮರ ತಿನ್ನುವ ಹುಳಕ್ಕೆ ಹಸಿ ಅಡಿಕೆ ಮರದಲ್ಲಿ ಕೆಲಸ ಇಲ್ಲ. ಮರ ಸತ್ತ ಮೊದಲ ವರ್ಷ ತೊಗಟೆಯ ಅಡಿಗೆ ಕೊರೆಯುವವು, ಉದ್ದ ಮೀಸೆಯ ದುಂಬಿಗಳು ಬರುತ್ತವೆ. ಬುಡದಲ್ಲಿ ಹಿಟ್ಟು ಉದುರಿದ್ದು ಕಂಡರೆ ಅವು ಒಳಗಿವೆ ಅಂತ ಲೆಕ್ಕ. ಆ ತೂತುಗಳಿಂದ ನೀರು, ಶಿಲೀಂಧ್ರ ಒಳಗೆ ಹೋಗಿ ಕಟ್ಟಿಗೆ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಬರುವ ಸಂಸಾರವೇ ಬೇರೆ.

ಮಳೆ ಹಿಡಿದ ಮೇಲೆ ಹಳೆಯ ಮತ್ತಿ ಕುಂಟೆಯ ಒಂದು ಬದಿ ಬಿಡಿಸಿ ನೋಡಿ. ಕೈ ಹಾಕಬೇಡಿ, ಕೋಲಿನಿಂದ ಬಿಡಿಸಿ, ಚೇಳು ಇರುತ್ತದೆ. ಬೂಟ್ ಪಾಲಿಶ್ ಹಾಕಿದ ಹಾಗೆ ಹೊಳೆಯುವ ಕಪ್ಪು ದುಂಬಿಗಳು ಸಿಗಬಹುದು, ಬೆನ್ನ ಮೇಲೆ ಉದ್ದುದ್ದ ಗೆರೆ. ಇಂಗ್ಲಿಷಿನಲ್ಲಿ ಬೆಸ್ ಬೀಟಲ್ ಅಂತಾರೆ. ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ತಂದರೆ ಚಿರ್ ಚಿರ್ ಅನ್ನುತ್ತವೆ. ಇವು ಅಪ್ಪ, ಅಮ್ಮ, ಮರಿ ಎಲ್ಲ ಒಂದೇ ಕುಂಟೆಯೊಳಗೆ ಇರುತ್ತವೆ, ದೊಡ್ಡವು ಜಗಿದು ಕೊಟ್ಟ ಕಟ್ಟಿಗೆಯ ಪುಡಿಯನ್ನೇ ಮರಿಗಳು ತಿನ್ನುವುದು. ನನಗಂತೂ ಇದು ಹುಲಿ ಕಂಡದ್ದಕ್ಕಿಂತ ಕಡಿಮೆ ಅಲ್ಲ.

ಅದೇ ಕುಂಟೆಯಲ್ಲಿ ಬಿಳಿ, ದಪ್ಪ, ಬಾಗಿದ ಮರಿಹುಳವೂ ಸಿಗುತ್ತದೆ. ತೋಟದವರು ಬೆಚ್ಚಿ ಬೀಳುವುದು ಇಲ್ಲೇ, ಥೇಟ್ ಬೇರುಹುಳದ ಹಾಗೇ ಕಾಣುತ್ತದೆ. ಒಂದು ಅಡಿಕೆ ಹಾಳೆಯ ಮೇಲೆ ಬಿಟ್ಟು ನೋಡಿ. ಬೆನ್ನು ಕೆಳಗೆ, ಕಾಲು ಮೇಲೆ ಮಾಡಿಕೊಂಡು ಸರಸರ ಸಾಗಿದರೆ ಅದು ಹೂದುಂಬಿಯ ಮರಿ, ಕೊಳೆತದ್ದು ತಿಂದು ಗೊಬ್ಬರ ಮಾಡುವಂಥದ್ದು. ಬೇರುಹುಳ ಹಾಗೆ ಬೆನ್ನ ಮೇಲೆ ನಡೆಯುವುದಿಲ್ಲ. ಅದಕ್ಕೆ ಬೇಕಾದ್ದು ಜೀವ ಇರುವ ಬೇರು, ಅದು ಇರುವುದು ಮಣ್ಣಿನೊಳಗೆ, ಕುಂಟೆಯೊಳಗಲ್ಲ. ನನ್ನ ಪಕ್ಕದ ತೋಟದವರಿಗೆ ಇದನ್ನು ಹಾಳೆಯ ಮೇಲೆ ತೋರಿಸಿದ ಮೇಲೇ ಅವರ ತಕರಾರು ಅರ್ಧ ಇಳಿದದ್ದು.

ಉಳಿದರ್ಧ ತಕರಾರು ನ್ಯಾಯವೇ. ತೆಂಗಿನ ಬೊಡ್ಡೆ ತೋಟದಲ್ಲಿ ಕೊಳೆಯಲು ಬಿಡಬಾರದು, ಕುರುವಾಯಿ ದುಂಬಿ ಅದರಲ್ಲೂ ಗೊಬ್ಬರಗುಂಡಿಯಲ್ಲೂ ಮೊಟ್ಟೆ ಇಟ್ಟು ತೆಂಗಿನ ಸುಳಿಗೆ ಏರುತ್ತದೆ. ತೋಟದಲ್ಲಿ ಅರೇಬಿಕಾ ಕಾಫಿ ಇದ್ದು ಬಿಳಿ ಕಾಂಡಕೊರಕ ಬಿದ್ದಿದ್ದರೆ ಆ ಗಿಡ ಕಿತ್ತು ಸುಡಲೇಬೇಕು. ಹಾಗಾಗಿ ತೋಟದ ಒಳಗೆ ಸ್ವಚ್ಛ, ಬೆಟ್ಟದಲ್ಲಿ ಧಾರಾಳ ಅಂತ ಇಟ್ಟುಕೊಂಡಿದ್ದೇನೆ.

ಬೆಟ್ಟದಲ್ಲೂ ಸುಮ್ನೆ ಬಿಟ್ಟುಬಿಡುವುದಲ್ಲ. ದಾರಿಯ ಪಕ್ಕ ಒಣಗಿದ ಮರ ಜನರ ತಲೆಯ ಮೇಲೆ ಬೀಳಬಾರದು. ಅಂಥದ್ದನ್ನು ಎರಡಾಳೆತ್ತರಕ್ಕೆ ಕಡಿಸಿ ಬುಡ ನಿಲ್ಲಿಸುತ್ತೇನೆ. ಸ್ವೀಡನ್ನಿನಲ್ಲಿ ಕಾಡು ಕಟಾವು ಮಾಡುವವರೂ ಹೀಗೆ ಮೂರ್ನಾಲ್ಕು ಮೀಟರ್ ಎತ್ತರದ ಬೊಡ್ಡೆ ಬೇಕಂತಲೇ ಬಿಡುತ್ತಾರೆ. ಮೇಲಿನ ಭಾಗವನ್ನು ಒಂದಷ್ಟು ಬಿಸಿಲಿಗೆ, ಒಂದಷ್ಟು ನೆರಳಿಗೆ ಹಾಕುತ್ತೇನೆ, ಎರಡೂ ಕಡೆ ಬರುವ ಹುಳ ಬೇರೆ ಬೇರೆ. ಕಾಡಿನ ಬೆಂಕಿ ದಾಟದಂತೆ ಸವರಿಟ್ಟ ಬೆಂಕಿ ಲೈನಿನ ಹತ್ತಿರ ಮಾತ್ರ ಒಂದು ಕಡ್ಡಿಯೂ ಇರಬಾರದು. ಕುಂಟೆಗೆ ಬೆಂಕಿ ಹಿಡಿದರೆ ರಾತ್ರಿಯಿಡೀ ಒಳಗೊಳಗೇ ಕೆಂಡವಾಗಿ ಉರಿಯುತ್ತಿರುತ್ತದೆ, ಆರಿತು ಅಂತ ಮನೆಗೆ ಬಂದರೆ ಬೆಳಿಗ್ಗೆ ಗಾಳಿಗೆ ಮತ್ತೆ ಏಳುತ್ತದೆ.

ಒಮ್ಮೆ ಬಿಟ್ಟರೆ ಮುಗಿಯಲಿಲ್ಲ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸೇರಿಸುತ್ತಿರಬೇಕು. ನಮ್ಮ ಹವೆಗೆ ಒಣಮರ ಬೇಗ ಮುಗಿದುಹೋಗುತ್ತದೆ. ಆರು ಖಂಡಗಳ 55 ಕಾಡುಗಳಲ್ಲಿ ಸಣ್ಣ ಕಟ್ಟಿಗೆ ತುಂಡು ಇಟ್ಟು ನೋಡಿದ ಅಧ್ಯಯನವೊಂದು 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಉಷ್ಣವಲಯದಲ್ಲಿ ಕಟ್ಟಿಗೆ ವರ್ಷಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೂಕ ಕಳೆದುಕೊಂಡಿತ್ತು, ತೀರಾ ಉತ್ತರದ ಚಳಿ ಕಾಡುಗಳಲ್ಲಿ ನೂರಕ್ಕೆ ಮೂರ್ನಾಲ್ಕು ಭಾಗ ಅಷ್ಟೇ. ನಮ್ಮಲ್ಲಿ ಗೆದ್ದಲಿನ ಪಾಲು ದೊಡ್ಡದು. ಅದಕ್ಕೇ ದಪ್ಪ ಕುಂಟೆ ಬಿಡಿ ಅನ್ನುವುದು. ತೆಳು ಕಡ್ಡಿ ಎರಡು ಮಳೆಗಾಲ ತಡೆಯಲಿಕ್ಕಿಲ್ಲ, ಅಷ್ಟರಲ್ಲಿ ದೊಡ್ಡ ದುಂಬಿಯ ಮರಿ ಬೆಳೆದೇ ಇರುವುದಿಲ್ಲ.

ಸೊಪ್ಪು ಕಡಿದ ಗಾಯದ ಬಗ್ಗೆಯೂ ಹೇಳಬೇಕು. ಟೊಂಗೆ ಕಡಿದಲ್ಲಿ ನೀರು ಇಳಿದು, ಕೊಳೆತು, ವರ್ಷಗಟ್ಟಲೆ ಆದ ಮೇಲೆ ಪೊಟರೆ ಆಗುತ್ತದೆ. ಅದರಲ್ಲಿ ತುಡುವೆ ಜೇನು, ಮಿಸ್ರಿ ಜೇನು ಕೂರುತ್ತವೆ. ಮಂಗಟ್ಟೆ ಹಕ್ಕಿಗೆ ತೂತು ಕೊರೆಯಲು ಬರುವುದಿಲ್ಲ, ಆದ ಪೊಟರೆಯೇ ಬೇಕು. ಹಾಗಾಗಿ ಸೊಪ್ಪಿಗೆ ಬೋಳಿಸಿ ಬೋಳಿಸಿ ಕುರೂಪವಾದ ಮರವೇ ಬೆಟ್ಟದಲ್ಲಿ ಹೆಚ್ಚು ಬೆಲೆಯದ್ದು ಅಂತ ನನ್ನ ಲೆಕ್ಕ. ಕಡಿಯುವುದಾದರೆ ನೆಟ್ಟಗಿನ ಸಣ್ಣದ್ದನ್ನೇ ಕಡಿಯಿರಿ.

ಹುಳ ನೋಡಲು ಹೋಗುವವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆ ಹರಡುವ ಉಣ್ಣೆ, ಅಂದರೆ ಉಣುಗು, ಜೋರು, ದರಕಿನಲ್ಲಿ ಕೂತು ಕುಂಟೆ ಬಿಡಿಸುವ ಕಾಲ ಅದಲ್ಲ. ಮಳೆಗಾಲದಲ್ಲಿ ಹೋಗಿ, ಇಂಬಳ, ಅಂದರೆ ಜಿಗಣೆ, ಕಚ್ಚಿದರೂ ಪರವಾಗಿಲ್ಲ.

ಇನ್ನು ಒಲೆ. ಕಟ್ಟಿಗೆ ಉಳಿಸದೆ ಇದ್ಯಾವುದೂ ಆಗುತ್ತಿರಲಿಲ್ಲ. ಗೋಬರ್ ಗ್ಯಾಸ್ ಮೊದಲೇ ಇತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಹಾಕಿಸಿದ ಮೇಲೆ ತೆಳು ಕಟ್ಟಿಗೆ, ಅಡಿಕೆ ಸಿಪ್ಪೆ, ತೆಂಗಿನ ಹೆಡೆಯಲ್ಲೇ ಬಹಳಷ್ಟು ಕೆಲಸ ಸಾಗುತ್ತದೆ. ಅಡಿಕೆ ಬೇಯಿಸುವಾಗ ಮಾತ್ರ ಈಗಲೂ ಕುಂಟೆ ಬೇಕೇ ಬೇಕು, ಬೆಟ್ಟಕ್ಕೆ ಹೋಗಿ ಯಾವುದನ್ನು ತರಬಹುದು, ಯಾವುದನ್ನು ಮುಟ್ಟಬಾರದು ಅಂತ ಸುಣ್ಣದಲ್ಲಿ ಗುರುತು ಹಾಕಿ ಬರುತ್ತೇನೆ.